ತಲೆ ಮೇಲಿನ ಬಟ್ಟೆ, ಕೈಯಲ್ಲಿನ ಎಕ್ಕಡ



ಸ್ವಲ್ಪ ಉದ್ದದ ಪೋಸ್ಟು. ಬಿಡುವು ಮಾಡ್ಕೊಂಡು ಓದಿ.

ಕೆಲವು ವರ್ಷಗಳ ಹಿಂದೆ ಒಂದು ಶಿಬಿರಕ್ಕೆ ಅಂತ ನಮ್ಮ ಹುಡುಗರ ಜೊತೆ ಬೀದರ್‌ಗೆ ಹೋಗಿದ್ದೆ. ಶಿಬಿರ ಮುಗಿದ ಮೇಲೆ ಎಲ್ಲರೂ ಗುರುನಾನಕ್ ಝೀರಾ ಗುರುದ್ವಾರ ನೋಡೋಣ ಅಂತ ಹೊರಟೆವು. ಬಾಗಿಲಲ್ಲೇ ಹೇಳಿದರು: ಚಪ್ಪಲಿ ಬಿಡಿ, ಕೈಕಾಲು ತೊಳೀರಿ, ತಲೆ ಮೇಲೆ ಬಟ್ಟೆ ಹಾಕ್ಕೊಳ್ಳಿ, ಜೇಬಲ್ಲಿ ಬೀಡಿ ಗುಟ್ಕಾ ಇದ್ರೆ ಹೊರಗಿಡಿ.

ನಮ್ಮಲ್ಲೊಬ್ಬ ಹುಡುಗ ಅಲ್ಲೇ ನಿಂತುಬಿಟ್ಟ. "ಅಣ್ಣ, ತಲೆ ಮುಚ್ಚು, ಕಾಲು ತೊಳಿ, ನೆಲದ ಮೇಲೆ ಕೂರು, ಬಗ್ಗು. ಇದನ್ನೇ ಅಲ್ವಾ ನಮ್ಮೂರಲ್ಲೂ ಹೇಳ್ತಿದ್ದದ್ದು? ನಾನ್ಯಾಕೆ ಮತ್ತೆ ಬಗ್ಗಬೇಕು?" ಅಂದ.

ಸಿಟ್ಟಿನ ಪ್ರಶ್ನೆ. ಆದರೆ ನ್ಯಾಯವಾದ ಪ್ರಶ್ನೆ. ಅವತ್ತು ಅವನಿಗೆ ಅರ್ಧ ಉತ್ತರ ಮಾತ್ರ ಕೊಟ್ಟಿದ್ದೆ. ಉಳಿದದ್ದನ್ನು ಓದಿ ತಿಳ್ಕೊಂಡು ಈಗ ಬರೀತಿದ್ದೇನೆ.

ಮೊದಲು ಅವನ ಸಿಟ್ಟು ಎಲ್ಲಿಂದ ಬಂತು ಅಂತ ಹೇಳ್ತೀನಿ. ನಮ್ಮ ತಾತ ಎಕ್ಕಡ ಹೊಲೀತಿದ್ದ. ಊರಿನವರ ಕಾಲಲ್ಲಿದ್ದ ಎಕ್ಕಡಗಳಲ್ಲಿ ಬಹುಪಾಲು ಅವನ ಕೈಯಲ್ಲೇ ಆದವು. ಆದರೆ ಊರೊಳಗಿನ ಬೀದಿ ಬಂದ ಕೂಡಲೇ ಅವನು ತನ್ನ ಎಕ್ಕಡ ಬಿಚ್ಚಿ ಕೈಯಲ್ಲಿ ಹಿಡ್ಕೊಳ್ಳಬೇಕಿತ್ತು. ತಲೆಗೆ ಸುತ್ತಿದ ಟವೆಲ್ಲು ಕಂಕುಳಿಗೆ ಇಳಿಯಬೇಕಿತ್ತು. "ಬುದ್ಧಿ" ಅಂತ ಬೆನ್ನು ಬಾಗಿಸಿ ನಿಲ್ಲಬೇಕಿತ್ತು. ನಮ್ಮವರಿಗೆ 'ಮರ್ಯಾದೆ' ಅಂದರೆ ಇನ್ನೊಬ್ಬರಿಗೆ ಕೊಡೋದೇ ಹೊರತು ನಮಗೆ ಸಿಗೋದಲ್ಲ. ಹಾಗಾಗಿ ಯಾರಾದರೂ 'ಗೌರವದಿಂದ ನಡ್ಕೊಳ್ಳಿ' ಅಂದ ತಕ್ಷಣ ನಮ್ಮ ಮೈ ಉರಿಯುತ್ತೆ. ತಪ್ಪೇನಿಲ್ಲ ಅದರಲ್ಲಿ.

ಆದರೆ ಗುರುದ್ವಾರದ ನಿಯಮ ಬೇರೆ ಕಡೆಯಿಂದ ಬಂದದ್ದು. ನಮ್ಮೂರಲ್ಲಿ ತಲೆ ಮೇಲಿನ ಬಟ್ಟೆ ತೆಗೆಯೋದು ಗುಲಾಮನ ಲಕ್ಷಣ. ಅಲ್ಲಿ ತಲೆ ಮೇಲೆ ಬಟ್ಟೆ ಇರಲೇಬೇಕು, ಎಲ್ಲರಿಗೂ. ಸಾಹುಕಾರನಿಗೂ ಕೂಲಿಯವನಿಗೂ, ಗಂಡಸಿಗೂ ಹೆಂಗಸಿಗೂ. ಒಂದು ಕಾಲಕ್ಕೆ ರುಮಾಲು, ಕುದುರೆ, ಕತ್ತಿ ದೊಡ್ಡವರ ಗುರುತಾಗಿದ್ದವು. 1699ರ ಬೈಸಾಖಿ ದಿನ ಆನಂದಪುರದಲ್ಲಿ ಗುರು ಗೋಬಿಂದ ಸಿಂಗರು ಖಾಲ್ಸಾ ಕಟ್ಟಿದಾಗ ಅವನ್ನೇ ಸಾಮಾನ್ಯ ಜನರಿಗೆ ಕೊಟ್ಟರು. ಅವತ್ತು ತಲೆ ಕೊಡೋಕೆ ಮುಂದೆ ಬಂದ ಐವರಲ್ಲಿ ಒಬ್ಬ ನೀರು ಹೊರುವವನು, ಒಬ್ಬ ಬಟ್ಟೆಯ ಕಸುಬಿನವನು, ಒಬ್ಬ ಕ್ಷೌರ ವೃತ್ತಿಯವನು. ಆ ಕ್ಷೌರ ವೃತ್ತಿಯ ಸಾಹಿಬ್ ಚಂದ್ ನಮ್ಮ ಬೀದರಿನವನು ಅಂತ ಸಿಖ್ ಪರಂಪರೆ ಹೇಳುತ್ತೆ. ಅವನೇ ಮುಂದೆ ಭಾಯಿ ಸಾಹಿಬ್ ಸಿಂಗ್. ಐವರಿಗೆ ದೀಕ್ಷೆ ಕೊಟ್ಟ ಗುರು ಆಮೇಲೆ ಅದೇ ಐವರ ಮುಂದೆ ಕೈಕಟ್ಟಿ ನಿಂತು ತಾನೂ ದೀಕ್ಷೆ ಬೇಡಿದರು. ಬೀದರಿನ ಒಬ್ಬ ಕ್ಷೌರಿಕನ ಮುಂದೆ ಗುರುವೇ ಬಾಗಿದ ಕಥೆ ಇದು. ಕರ್ನಾಟಕದ ಎಷ್ಟು ಪಠ್ಯಪುಸ್ತಕದಲ್ಲಿ ಓದಿದ್ದೀರಿ ಹೇಳಿ?

ಎರಡನೆಯದು, ಬಗ್ಗೋದು ಯಾರ ಮುಂದೆ? ಗುರುದ್ವಾರದಲ್ಲಿ ಮೂರ್ತಿ ಇಲ್ಲ. ಇರೋದು ಪುಸ್ತಕ, ಗುರು ಗ್ರಂಥ ಸಾಹಿಬ್. 1604ರಲ್ಲಿ ಗುರು ಅರ್ಜುನರು ಸಂಕಲಿಸಿದ್ದು. ಅದರಲ್ಲಿ ಸಿಖ್ ಗುರುಗಳ ವಾಣಿ ಮಾತ್ರ ಇಲ್ಲ. ನೇಕಾರ ಕಬೀರ ಇದ್ದಾರೆ, ಬಟ್ಟೆಯ ಕಸುಬಿನ ನಾಮದೇವ ಇದ್ದಾರೆ, ಕಾಶಿಯ ಚಮ್ಮಾರ ಸಂತ ರವಿದಾಸರ 40 ಪದಗಳಿವೆ. ಸಿಖ್ ಸಾಮ್ರಾಜ್ಯದ ಮಹಾರಾಜ ರಣಜಿತ್ ಸಿಂಗ್ ಹಣೆ ನೆಲಕ್ಕೆ ಹಚ್ಚಿದಾಗ ಅವನು ಒಬ್ಬ ಚಮ್ಮಾರನ ಮಾತಿಗೂ ಹಣೆ ಹಚ್ಚಿದ ಹಾಗಾಯ್ತು. ಎಕ್ಕಡ ಹೊಲಿಯುವವನ ಮೊಮ್ಮಗ ನಾನು. ಇದು ಗೊತ್ತಾದ ದಿನ ನನಗೆ ಆದದ್ದನ್ನು ಬರೆಯೋಕೆ ಬರಲ್ಲ.

ಮೂರನೆಯದು, ನೆಲದ ಮೇಲೆ ಕೂರೋದು. ಗುರು ಗ್ರಂಥದ ಎದುರು ಯಾರಿಗೂ ಕುರ್ಚಿ ಇಲ್ಲ, ವಿಶೇಷ ಗಾದಿ ಇಲ್ಲ. ಲಂಗರಿನಲ್ಲಿ ಎಲ್ಲರೂ ಒಂದೇ ಸಾಲು. ಅಕ್ಬರ್ ಬಾದಶಹ ಗೋಯಿಂದವಾಲಕ್ಕೆ ಬಂದಾಗ ಮೊದಲು ಪಂಕ್ತಿಯಲ್ಲಿ ಕೂತು ಉಂಡು ಆಮೇಲೆ ಗುರು ಅಮರದಾಸರನ್ನು ನೋಡಿದ ಅಂತ ಸಿಖ್ಖರು ಹೇಳ್ತಾರೆ. ಪಂಕ್ತಿಭೇದದ ಮಠಗಳನ್ನು ನೋಡಿ ಬೆಳೆದ ನಮಗೆ ಈ ಕಥೆಯ ಬೆಲೆ ಗೊತ್ತು. ಮುಖಕ್ಕೆ ಪರದೆ ಹಾಕ್ಕೊಂಡು ಬರಬೇಡಿ ಅಂತ ಹೆಂಗಸರಿಗೆ ಹೇಳಿದ್ದೂ ಇದೇ ಅಮರದಾಸರು. ಇವತ್ತಿನ ಸಿಖ್ ರೆಹತ್ ಮರ್ಯಾದಾ, ಅಂದರೆ 1945ರಲ್ಲಿ ಶಿರೋಮಣಿ ಗುರುದ್ವಾರ ಪ್ರಬಂಧಕ ಕಮಿಟಿ ಒಪ್ಪಿದ ನಡಾವಳಿ ಸಂಹಿತೆಯಲ್ಲೂ ಇದೇ ಇದೆ. ತಲೆ ಮುಚ್ಚಿರಬೇಕು, ಆದರೆ ಮುಖ ಮುಚ್ಚೋದು ಗುರುಮತಕ್ಕೆ ವಿರುದ್ಧ. ಯಾವ ದೇಶ, ಧರ್ಮ, ಜಾತಿಯವರಿಗೂ ಗುರುದ್ವಾರದ ಬಾಗಿಲು ಮುಚ್ಚುವಂತಿಲ್ಲ, ತಂಬಾಕಿನಂಥದ್ದು ಮಾತ್ರ ಒಳಗೆ ತರಬಾರದು. ಸಂಗತ್‌ನಲ್ಲಿ ಕೂರುವಾಗ ಮುಟ್ಟುವವರು, ಮುಟ್ಟದವರು ಅನ್ನೋ ಭೇದ ಮಾಡಬಾರದು.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಗುರುದ್ವಾರದ ಪ್ರಚಾರಕ ಆಗ್ತೀನಿ. ನಿಲ್ಲಿಸಲ್ಲ. ಯಾಕಂದರೆ 'ಭೇದ ಮಾಡಬಾರದು' ಅಂತ 1945ರಲ್ಲಿ ಬರೆಯಬೇಕಾಯ್ತು ಅಂದರೆ, ಅದಕ್ಕೆ ಮೊದಲು ಭೇದ ಇತ್ತು ಅಂತಲೇ ಅರ್ಥ.

1675ರಲ್ಲಿ ದೆಹಲಿಯಲ್ಲಿ ಗುರು ತೇಗ್ ಬಹಾದೂರರ ತಲೆ ಕಡಿದಾಗ, ಆ ತಲೆಯನ್ನು ಆನಂದಪುರದವರೆಗೆ ಹೊತ್ತು ತಂದವನು ಭಾಯಿ ಜೈತಾ. ಅಸ್ಪೃಶ್ಯ ಜಾತಿಯವನು. ಗುರು ಗೋಬಿಂದರು ಅವನನ್ನು ಅಪ್ಪಿಕೊಂಡು ತನ್ನ ಮಗ ಅಂದರಂತೆ. ಅವನ ಕುಲದವರೇ ಮುಂದೆ ಮಜಹಬಿ ಸಿಖ್ಖರು. ಆದರೆ ಇಪ್ಪತ್ತನೇ ಶತಮಾನ ಬರುವ ಹೊತ್ತಿಗೆ ಅದೇ ಮಜಹಬಿಗಳು ಅಮೃತಸರದ ದರ್ಬಾರ್ ಸಾಹಿಬ್‌ಗೆ ತಂದ ಕಡಾ ಪ್ರಸಾದವನ್ನು ಅಲ್ಲಿನ ಪೂಜಾರಿಗಳು ಮುಟ್ಟುತ್ತಿರಲಿಲ್ಲ. ಅವರ ಪರವಾಗಿ ಪ್ರಾರ್ಥನೆಯನ್ನೂ ಮಾಡುತ್ತಿರಲಿಲ್ಲ.

ನೋಡಿ, ತಲೆ ಮುಚ್ಚಿದ್ದರು. ಕಾಲು ತೊಳೆದಿದ್ದರು. ಎರಡು ಕೈ ಜೋಡಿಸಿದ್ದರು. ಎಲ್ಲಾ ನಿಯಮ ಪಾಲಿಸಿದ್ದರು. ಆದರೂ ಆಗಲಿಲ್ಲ. ಹುಟ್ಟು ಅಡ್ಡ ಬಂತು.

ಇನ್ನೊಂದು ಮಾತು ಇದರ ಪಕ್ಕದಲ್ಲಿಟ್ಟು ನೋಡಿ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಜನರನ್ನು ಗುಂಡಿಟ್ಟು ಕೊಂದ ಜನರಲ್ ಡಯರ್‌ಗೆ, ಬ್ರಿಟಿಷ್ ಸರ್ಕಾರ ನೇಮಿಸಿದ್ದ ದರ್ಬಾರ್ ಸಾಹಿಬ್ ಆಡಳಿತದವರು ಸಿರೋಪಾ ಹೊದಿಸಿ ಸನ್ಮಾನ ಮಾಡಿದ್ದರು. ಕೊಲೆಗಾರನಿಗೆ ಗೌರವದ ಬಟ್ಟೆ. ಭಾಯಿ ಜೈತಾನ ವಂಶದವರ ಪ್ರಸಾದ ಮೈಲಿಗೆ.

ಇದು ಮುರಿದದ್ದು 1920ರ ಅಕ್ಟೋಬರ್ 12ರಂದು. ಖಾಲ್ಸಾ ಬಿರಾದರಿ ಅನ್ನೋ ಸಂಘಟನೆ, ಅದೇ ಜಲಿಯನ್‌ವಾಲಾ ಬಾಗ್‌ನಲ್ಲಿ ಸಭೆ ಸೇರಿತು. ದಲಿತರು ದೀಕ್ಷೆ ಪಡೆದರು. ಕಡಾ ಪ್ರಸಾದ ಹಿಡ್ಕೊಂಡು ಮೆರವಣಿಗೆಯಲ್ಲಿ ದರ್ಬಾರ್ ಸಾಹಿಬ್‌ಗೆ ಹೊರಟರು. ಖಾಲ್ಸಾ ಕಾಲೇಜಿನ ಕೆಲವು ಅಧ್ಯಾಪಕರೂ ಜೊತೆಗೆ ನಿಂತರು. ಪೂಜಾರಿಗಳು ಎಂದಿನಂತೆ 'ಆಗಲ್ಲ' ಅಂದರು. ವಾದ ಬೆಳೀತು. ಕೊನೆಗೆ, ಗ್ರಂಥವನ್ನೇ ಕೇಳೋಣ ಅಂತ ತೀರ್ಮಾನ ಆಯ್ತು. ಗುರು ಗ್ರಂಥ ತೆರೆದರು. ಸಿಕ್ಕ ಪುಟದಲ್ಲಿ ಗುರು ಅಮರದಾಸರ ಪದ ಬಂತು. ಅದರ ಅರ್ಥ ಪೂಜಾರಿಗಳ ಪರ ಇರಲಿಲ್ಲ. ಪ್ರಸಾದ ಸ್ವೀಕಾರ ಆಯ್ತು.

ಅಲ್ಲಿಂದ ಜನ ಎದುರಿಗಿದ್ದ ಅಕಾಲ್ ತಖ್ತ್‌ಗೆ ನಡೆದರು. ಅಲ್ಲಿನ ಪೂಜಾರಿಗಳು ದಲಿತರು ಬರ್ತಿದ್ದಾರೆ ಅಂತ ತಿಳಿದು ಜಾಗ ಖಾಲಿ ಮಾಡಿದ್ದರು! ಖಾಲಿ ಬಿಟ್ಟ ತಖ್ತ್‌ನ ಹೊಣೆಯನ್ನು ಕರ್ತಾರ್ ಸಿಂಗ್ ಝಬ್ಬರ್ ಮತ್ತವರ ಜೊತೆಯವರು ವಹಿಸಿಕೊಂಡರು. ಮುಂದಿನ ತಿಂಗಳು, ನವೆಂಬರ್ 15ಕ್ಕೆ ಶಿರೋಮಣಿ ಗುರುದ್ವಾರ ಪ್ರಬಂಧಕ ಕಮಿಟಿ ಹುಟ್ಟಿತು. 1925ರಲ್ಲಿ ಗುರುದ್ವಾರ ಕಾಯ್ದೆ ಬಂತು. ಇಷ್ಟು ದೊಡ್ಡ ಚಳವಳಿಯ ಬಾಗಿಲು ತೆರೆದದ್ದು ದಲಿತರ ಕೈಯಲ್ಲಿದ್ದ ಒಂದು ಪಾತ್ರೆ ಪ್ರಸಾದ.

ಬಾಬಾಸಾಹೇಬರು ಈ ಧರ್ಮವನ್ನು ಹತ್ತಿರದಿಂದ ನೋಡಿದ್ದಕ್ಕೆ ಕಾರಣ ಇಲ್ಲದಿಲ್ಲ. 1935ರಲ್ಲಿ ಯೇವಲಾ ಘೋಷಣೆ ಮಾಡಿದ ಮೇಲೆ, 1936ರ ಏಪ್ರಿಲ್‌ನಲ್ಲಿ ಅಮೃತಸರದ ಸಿಖ್ ಸಮ್ಮೇಳನಕ್ಕೆ ಹೋಗಿ ಮಾತಾಡಿದರು. ತಮ್ಮ ಕೆಲವು ಅನುಯಾಯಿಗಳನ್ನು ಸಿಖ್ ಧರ್ಮದ ಅಧ್ಯಯನಕ್ಕೆ ಅಲ್ಲಿಗೆ ಕಳಿಸಿದ್ದರು. ಮುಂಬೈನ ಖಾಲ್ಸಾ ಕಾಲೇಜು ಶುರುವಾದದ್ದೂ ಆ ದಿನಗಳ ಮಾತುಕತೆಯ ಫಲವಾಗಿ. ಕಡೆಗೆ 1956ರಲ್ಲಿ ಅವರು ಬುದ್ಧನ ದಾರಿ ಹಿಡಿದರು, ಅದು ನಮಗೆಲ್ಲ ಗೊತ್ತು.

ಇವತ್ತಿನ ಪಂಜಾಬ್ ಹೇಗಿದೆ? 2011ರ ಜನಗಣತಿ ಪ್ರಕಾರ ಅಲ್ಲಿನ ಜನಸಂಖ್ಯೆಯಲ್ಲಿ ಶೇ. 31.9ರಷ್ಟು ಪರಿಶಿಷ್ಟ ಜಾತಿಯವರು. ಯಾವ ರಾಜ್ಯದಲ್ಲೂ ಇಷ್ಟು ಪ್ರಮಾಣ ಇಲ್ಲ. ಆದರೆ ಭೂಮಿ ಜಾಟರ ಕೈಯಲ್ಲಿ. ಎಷ್ಟೋ ಹಳ್ಳಿಗಳಲ್ಲಿ ದಲಿತರ ಗುರುದ್ವಾರ ಬೇರೆ, ಸ್ಮಶಾನ ಬೇರೆ. 2003ರಲ್ಲಿ ಜಲಂಧರ್ ಹತ್ತಿರದ ತಲ್ಹಣದಲ್ಲಿ ದಲಿತರು ಕೇಳಿದ್ದು ಒಂದು ಪೂಜಾಸ್ಥಳದ ಆಡಳಿತ ಕಮಿಟಿಯಲ್ಲಿ ಪಾಲು. ಅಷ್ಟಕ್ಕೇ ಬಹಿಷ್ಕಾರ, ಗಲಾಟೆ ಆಯ್ತು. ಒಳಗೆ ಬಂದು ಕೂರು, ಉಣ್ಣು, ಪಾತ್ರೆ ತೊಳಿ. ಲೆಕ್ಕ ಮಾತ್ರ ಕೇಳಬೇಡ. ನಮಗೆ ಇದು ಹೊಸದಲ್ಲ ಅಲ್ವಾ?

'ಗೌರವ' ಅನ್ನೋ ಮಾತು ಆಯುಧ ಆಗೋದನ್ನೂ ನೋಡಿದ್ದೇವೆ. 2009ರ ಮೇ ತಿಂಗಳಲ್ಲಿ ವಿಯೆನ್ನಾದ ರವಿದಾಸಿ ಗುರುದ್ವಾರಕ್ಕೆ ನುಗ್ಗಿ ಸಂತ ರಾಮಾನಂದರನ್ನು ಕೊಂದರು. ಗುರು ಗ್ರಂಥದ ಎದುರು ನಡಾವಳಿ ಸರಿಯಿಲ್ಲ ಅನ್ನೋದು ದಾಳಿಕೋರರ ಕಡೆಯ ದೂರು. ಮುಂದಿನ ವರ್ಷ ರವಿದಾಸಿಗಳಲ್ಲಿ ಒಂದು ದೊಡ್ಡ ಭಾಗ ನಮ್ಮದು ಬೇರೆ ಧರ್ಮ ಅಂತ ಘೋಷಿಸಿ, ರವಿದಾಸರ ವಾಣಿಯನ್ನೇ ತಮ್ಮ ಗ್ರಂಥ ಮಾಡಿಕೊಂಡರು. 2021ರ ಅಕ್ಟೋಬರ್‌ನಲ್ಲಿ ರೈತ ಹೋರಾಟದ ಸಿಂಘು ಗಡಿಯಲ್ಲಿ, ಪವಿತ್ರ ಗ್ರಂಥಕ್ಕೆ ಅಗೌರವ ಮಾಡಿದ ಅಂತ ಆರೋಪಿಸಿ ನಿಹಂಗರು ಒಬ್ಬ ದಲಿತ ಕೂಲಿ ಕಾರ್ಮಿಕನನ್ನು ಕೈ ಕಡಿದು ಕೊಂದರು. ಆ ಹೋರಾಟಕ್ಕೆ ಬೆಂಬಲ ಕೊಟ್ಟವರಲ್ಲಿ ನಾನೂ ಒಬ್ಬ. ಹಾಗಂತ ಈ ಕೊಲೆ ಬಗ್ಗೆ ಬಾಯಿ ಮುಚ್ಕೊಂಡಿರೋಕೆ ಆಗಲ್ಲ. ರವಿದಾಸರ ಪದ ಇರೋ ಪುಸ್ತಕದ ಹೆಸರಲ್ಲಿ ರವಿದಾಸರ ಜನರನ್ನೇ ಕೊಲ್ಲೋದು ಗೌರವ ಅಲ್ಲ.

ಹಾಗಾದರೆ ಆ ಹುಡುಗನಿಗೆ ನನ್ನ ಉತ್ತರ ಏನು?

ನಿಯಮ ಏನು ಅಂತ ನೋಡಬೇಡ ತಮ್ಮಾ, ಅದು ಯಾರ್ಯಾರಿಗೆ ಅನ್ವಯ ಅಂತ ನೋಡು. ನನ್ನ ತಾತ ಎಕ್ಕಡ ಕೈಗೆ ತಗೊಂಡಾಗ ಗೌಡರ ಕಾಲಲ್ಲಿ ಎಕ್ಕಡ ಇತ್ತು. ಅದು ಗುಲಾಮಗಿರಿ. ಎಲ್ಲರೂ ಒಟ್ಟಿಗೆ ಬಿಚ್ಚಿಟ್ಟರೆ ಅದು ಶಿಸ್ತು. ಇದು ಮೊದಲ ಪ್ರಶ್ನೆ. ಎರಡನೇ ಪ್ರಶ್ನೆ 1920ರದ್ದು: ನಾನು ಎಲ್ಲಾ ನಿಯಮ ಪಾಲಿಸಿದ ಮೇಲೆ ನೀನು ನನ್ನ ಕೈಯಿಂದ ತಗೊಳ್ತೀಯಾ? ಮೂರನೇದು ತಲ್ಹಣದ್ದು: ಕಮಿಟಿಯಲ್ಲಿ ನನಗೆ ಜಾಗ ಇದೆಯಾ? ಈ ಮೂರೂ ಪ್ರಶ್ನೆಯನ್ನು ಗುರುದ್ವಾರಕ್ಕೆ ಕೇಳಿ, ಮಠಕ್ಕೆ ಕೇಳಿ, ಚರ್ಚಿಗೆ ಕೇಳಿ. ನಮ್ಮ ನಮ್ಮ ಸಂಘಟನೆಗಳಿಗೂ ಕೇಳಿ.

ಅವತ್ತು ಬೀದರಿನಲ್ಲಿ ಆದದ್ದು ಹೇಳಿ ಮುಗಿಸ್ತೀನಿ. ಗುರುದ್ವಾರದಲ್ಲಿ ಚಪ್ಪಲಿ ಇಡುವ ಜಾಗಕ್ಕೆ ಜೋಡಾ ಘರ್ ಅಂತಾರೆ. ಅಲ್ಲಿ ಕೆಲಸ ಮಾಡೋರು ಸಂಬಳದವರೇ ಆಗಿರಬೇಕಿಲ್ಲ, ಸೇವೆ ಅಂತ ಭಕ್ತರೇ ನಿಲ್ತಾರೆ. ಕೌಂಟರಿನಲ್ಲಿ ಒಬ್ಬ ವಯಸ್ಸಾದ ಸರ್ದಾರರು, ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಕೈಯಲ್ಲಿ ಒಳ್ಳೇ ವಾಚು. ನಾನು ಚಪ್ಪಲಿ ಬಿಚ್ಚಿ ಕೆಳಗಿಡೋಕೆ ಬಗ್ಗಿದೆ. ಅವರು ಬೇಡ ಅಂತ ತಲೆ ಆಡಿಸಿ, ಎರಡೂ ಕೈ ಚಾಚಿ, ನನ್ನ ಧೂಳು ಹಿಡಿದ ಚಪ್ಪಲಿ ತಗೊಂಡು, ಬಟ್ಟೆಯಲ್ಲಿ ಒರೆಸಿ, ಗೂಡಿನಲ್ಲಿಟ್ಟು ಟೋಕನ್ ಕೊಟ್ಟರು. ಜಾತಿ ಕೇಳಲಿಲ್ಲ. ನಾನು ಟೋಕನ್ ಹಿಡ್ಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ನಮ್ಮ ತಾತ ನೆನಪಾಗಿದ್ದ.

ಪ್ರಶ್ನೆ ಕೇಳಿದ ಹುಡುಗನೂ ಅದನ್ನು ನೋಡಿದ. ಏನೂ ಮಾತಾಡಲಿಲ್ಲ. ಹೆಗಲ ಮೇಲಿದ್ದ ನೀಲಿ ಶಾಲು ತೆಗೆದು ತಲೆಗೆ ಸುತ್ತಿಕೊಂಡು ಒಳಗೆ ನಡೆದ.

ನೀವು ಆ ಕಡೆ ಹೋದರೆ ಖಂಡಿತ ಹೋಗಿ ಬನ್ನಿ. ತಲೆಗೆ ಟವೆಲ್ಲೋ ದೊಡ್ಡ ಕರ್ಚೀಫೋ ಇರಲಿ, ಮರೆತರೆ ಅಲ್ಲೇ ಕೇಳಿ. ಮೈ ಮುಚ್ಚುವ ಬಟ್ಟೆ ಹಾಕಿ. ಬೀಡಿ, ಸಿಗರೇಟು, ಗುಟ್ಕಾ ಜೇಬಲ್ಲೂ ಬೇಡ, ಕುಡಿದಂತೂ ಹೋಗಬೇಡಿ. ಗ್ರಂಥದ ಕಡೆ ಕಾಲು ಚಾಚಿ ಕೂರಬೇಡಿ. ಪ್ರಸಾದ ಎರಡೂ ಕೈಯಲ್ಲಿ ತಗೊಳ್ಳಿ. ಲಂಗರಿನಲ್ಲಿ ಬೇಕಾದಷ್ಟು ಉಣ್ಣಿ, ತಟ್ಟೆಯಲ್ಲಿ ಬಿಡಬೇಡಿ, ಸಮಯ ಇದ್ದರೆ ನಾಲ್ಕು ಪಾತ್ರೆ ತೊಳೆದು ಬನ್ನಿ. ಬರುವಾಗ ಭಾಯಿ ಸಾಹಿಬ್ ಸಿಂಗರ ಹೆಸರು, ಭಾಯಿ ಜೈತಾನ ಹೆಸರು ನಿಮ್ಮ ಮಕ್ಕಳಿಗೆ ಹೇಳಿ.

ಜೈಭೀಮ್.