ಪೊಲೀಸರ ಬಳಿ ಹೋಗುವಷ್ಟು ವ್ಯವಧಾನ: ನಾಗಪುರದ ಎರಡು ಪ್ರಕರಣಗಳು ಮತ್ತು ಆತ್ಮರಕ್ಷಣೆಯ ನ್ಯಾಯ

1950ರ ಮಾರ್ಚ್ 5ರಂದು, ಆಗ ನಾಗಪುರ ಹೈಕೋರ್ಟಿನ ವ್ಯಾಪ್ತಿಯಲ್ಲಿದ್ದ ಕಟನಿ ಪಟ್ಟಣದಲ್ಲಿ ಗಲಭೆಯೆದ್ದಿತು. ದೇಶವಿಭಜನೆಯಲ್ಲಿ ಮನೆಮಾರು ಕಳೆದುಕೊಂಡು ಬಂದಿದ್ದ ಸಿಂಧಿ ನಿರಾಶ್ರಿತರು ಒಂದು ಕಡೆ, ಊರಿನ ಮುಸ್ಲಿಮರು ಇನ್ನೊಂದು ಕಡೆ. ಅಮ್ಜದ್ ಖಾನ್ ಎಂಬ ವ್ಯಾಪಾರಿಯ ಅಂಗಡಿಯಿದ್ದ ಕಟ್ಟಡದ ಇನ್ನೊಂದು ಭಾಗಕ್ಕೆ ಗುಂಪು ನುಗ್ಗಿ ಲೂಟಿ ಮಾಡಿತು. ಅಲ್ಲಿದ್ದ ಹೆಂಗಸರು ಮಕ್ಕಳು ಹೆದರಿ ಇವನ ಕಡೆಗೆ ಓಡಿಬಂದರು. ಆಮೇಲೆ ಇವನ ಬಾಗಿಲಿನ ಮೇಲೆಯೇ ಲಾಠಿಯ ಏಟು ಬೀಳತೊಡಗಿತು. ಅವನು ಎರಡು ಗುಂಡು ಹಾರಿಸಿದ. ಒಬ್ಬ ಸತ್ತ, ಮೂವರು ಗಾಯಗೊಂಡರು. ಸೆಷನ್ಸ್ ನ್ಯಾಯಾಲಯ ಅವನನ್ನು ಕೊಲೆಗಾರ ಎಂದಿತು. ನಾಗಪುರದ ಹೈಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು.

1952ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಈ ಮೇಲ್ಮನವಿಯ ತೀರ್ಪು ಬರೆದವರು ನ್ಯಾಯಮೂರ್ತಿ ವಿವಿಯನ್ ಬೋಸ್. ಮೂರು ವರ್ಷಗಳ ಹಿಂದೆ ಅದೇ ನಾಗಪುರ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಪೀಠಕ್ಕೆ ಏರಿದವರು. ಬಾಗಿಲು ಮುರಿದು ಒಳಗೆ ಬರುವತನಕ ಮನೆಯಾತ ಕಾದು ಕೂರಬೇಕಿಲ್ಲ, ಅಂಥ ಘಳಿಗೆಯಲ್ಲಿ ಎಷ್ಟು ಬಲ ಸಾಕು ಎಂದು ಅವನು ನಾಜೂಕು ತಕ್ಕಡಿಯಲ್ಲಿ ತೂಗಿ ನೋಡಲಾರ ಎಂಬುದು ಅವರ ತರ್ಕ. ಅಮ್ಜದ್ ಖಾನ್ ಬಿಡುಗಡೆಯಾದ. ಇಂದಿಗೂ ಆತ್ಮರಕ್ಷಣೆಯ ವಾದ ಮಂಡಿಸುವ ವಕೀಲರು ಮೊದಲು ತೆರೆಯುವ ತೀರ್ಪುಗಳಲ್ಲಿ ಇದೂ ಒಂದು.

ಐವತ್ತೆರಡು ವರ್ಷಗಳ ಬಳಿಕ ನಾಗಪುರದಲ್ಲೇ ಆದ ಒಂದು ಸಾವು ಇದೇ ಕಾನೂನಿನ ಬಾಗಿಲಿಗೆ ಬಂದು ನಿಂತಿತು. ಆದರೆ ಒಳಗೆ ಹೋಗಲಿಲ್ಲ.

2004ರ ಆಗಸ್ಟ್ 13, ಶುಕ್ರವಾರ. ನಾಗಪುರ ಜಿಲ್ಲಾ ನ್ಯಾಯಾಲಯದ 7ನೇ ಕೋರ್ಟ್ ಹಾಲ್. ಪೊಲೀಸರು ಕರೆತಂದಿದ್ದ ಅಕ್ಕು ಯಾದವ್ ಎಂಬಾತನ ಮುಖಕ್ಕೆ ಖಾರದ ಪುಡಿ ಬಿತ್ತು, ಹಿಂದೆಯೇ ಚೂರಿಗಳು ಬಿದ್ದವು. ಕಸ್ತೂರಬಾ ನಗರ ಎಂಬ ಬಡ ಬಡಾವಣೆಯಿಂದ ಬಂದಿದ್ದ ಸುಮಾರು ಇನ್ನೂರು ಹೆಂಗಸರ ಗುಂಪು ಅವನನ್ನು ನ್ಯಾಯಾಲಯದೊಳಗೇ ಕೊಂದುಹಾಕಿತು. ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿದಿತ್ತು. ಬಡಾವಣೆಯವರಲ್ಲಿ ಹೆಚ್ಚಿನವರು ದಲಿತರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವನು ಅಲ್ಲಿ ಸುಲಿಗೆ, ಕೊಲೆ, ಅತ್ಯಾಚಾರ ನಡೆಸಿದ ಎಂಬುದು ಅವರ ಆರೋಪ. ದೂರು ಕೊಡಲು ಠಾಣೆಗೆ ಹೋದರೆ ದೂರು ಅವನ ಕಿವಿಗೇ ಮುಟ್ಟುತ್ತಿತ್ತು, ಪೊಲೀಸರು ಅವನ ಜೊತೆಗಾರರಾಗಿದ್ದರು ಎಂಬುದು ಅದಕ್ಕಿಂತ ದೊಡ್ಡ ಆರೋಪ. ಹಲವು ಬಾರಿ ಬಂಧಿತನಾಗಿ ಹೊರಬಂದಿದ್ದವನು ಈ ಸಲವೂ ಜಾಮೀನಿನ ಮೇಲೆ ಬರುತ್ತಾನೆಂಬ ಸುದ್ದಿ ಬಡಾವಣೆಯಲ್ಲಿ ಹರಡಿತ್ತು. ವಾರದ ಹಿಂದಷ್ಟೇ ಜನ ಅವನ ಮನೆ ಸುಟ್ಟಿದ್ದರು. ಆಮೇಲೆಯೇ ಅವನು ಪೊಲೀಸರ ವಶಕ್ಕೆ ಬಂದದ್ದು.

ಆ ಆರೋಪಗಳಲ್ಲಿ ಎಷ್ಟು ನಿಜ ಎಂಬುದನ್ನು ಯಾವ ನ್ಯಾಯಾಲಯವೂ ವಿಚಾರಿಸಿ ಹೇಳುವ ಅವಕಾಶ ಅಲ್ಲಿಗೆ ಮುಗಿಯಿತು. ಇದನ್ನು ಮರೆತು ಬರೆದ ಲೇಖನಗಳು, ತೆಗೆದ ಚಿತ್ರಗಳು ಬೇಕಾದಷ್ಟಿವೆ.

ಅಂದು ಐವರು ಹೆಂಗಸರನ್ನು ಬಂಧಿಸಿದಾಗ ಉಳಿದವರೆಲ್ಲ ‘ನಮ್ಮನ್ನೂ ಹಿಡಿಯಿರಿ’ ಎಂದು ಮುಂದೆ ಬಂದರು. ನಿವೃತ್ತ ನ್ಯಾಯಮೂರ್ತಿ ಭಾವು ವಹಾನೆ ಬಹಿರಂಗವಾಗಿ ಅವರ ಪರ ಮಾತಾಡಿದರು. ವಕೀಲರ ಒಂದು ಗುಂಪು ಇವರನ್ನು ಆರೋಪಿಗಳೆನ್ನುವ ಬದಲು ಸಂತ್ರಸ್ತರೆಂದು ನೋಡಬೇಕು ಎಂದಿತು. ಮೊಕದ್ದಮೆ ಹತ್ತು ವರ್ಷ ಎಳೆಯಿತು. 2014ರ ಹೊತ್ತಿಗೆ, ಆರೋಪಿಗಳಲ್ಲಿ ಬದುಕಿ ಉಳಿದಿದ್ದವರೆಲ್ಲ ಸಾಕ್ಷ್ಯದ ಕೊರತೆಯಿಂದ ಖುಲಾಸೆಯಾದರು. ನ್ಯಾಯಾಲಯದ ಒಳಗೆ, ಹಾಡಹಗಲಲ್ಲಿ, ಪೊಲೀಸರ ಕಣ್ಣೆದುರು ನಡೆದ ಕೊಲೆಗೆ ಸಾಕ್ಷ್ಯವೇ ಸಾಲಲಿಲ್ಲ.

ಈ ಖುಲಾಸೆಯನ್ನು ಹಲವರು ಆತ್ಮರಕ್ಷಣೆಗೆ ಸಿಕ್ಕ ಮನ್ನಣೆ ಎಂದು ಓದಿಕೊಂಡಿದ್ದಾರೆ. ಹಾಗೆ ಓದುವುದು ತಪ್ಪು. ಆತ್ಮರಕ್ಷಣೆ ಎಂದರೆ ‘ಹೊಡೆದದ್ದು ಹೌದು, ಆದರೆ ಹಕ್ಕಿನಿಂದ’ ಎಂಬ ಉತ್ತರ. ಸಾಕ್ಷ್ಯಾಭಾವ ಎಂದರೆ ‘ಹೊಡೆದವರು ಯಾರೋ ಗೊತ್ತಾಗಲಿಲ್ಲ’ ಎಂಬ ಉತ್ತರ. ಮೊದಲನೆಯದು ಆ ಹೆಂಗಸರು ಅನುಭವಿಸಿದ್ದನ್ನು ನ್ಯಾಯಾಲಯದ ಕಡತಕ್ಕೆ ತರುತ್ತದೆ. ಎರಡನೆಯದು ಆ ಬಾಗಿಲನ್ನೇ ಮುಚ್ಚುತ್ತದೆ.

ಕಾನೂನಿನ ಅಕ್ಷರ ಹಿಡಿದು ನೋಡಿದರೆ ಮೊದಲ ಉತ್ತರ ಗೆಲ್ಲುವುದೂ ಕಷ್ಟವಿತ್ತು. ಭಾರತೀಯ ದಂಡ ಸಂಹಿತೆಯ 96ರಿಂದ 106ರ ತನಕದ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ವಿವರಿಸುತ್ತಿದ್ದವು. ಪ್ರಾಣ ತೆಗೆಯುವ ಮಟ್ಟಕ್ಕೆ ಹೋಗಬಹುದಾದ ಸಂದರ್ಭಗಳನ್ನು 100ನೇ ಕಲಮು ಎಣಿಸಿ ಹೇಳುತ್ತಿತ್ತು: ಸಾವಿನ ಭಯ, ತೀವ್ರ ಗಾಯದ ಭಯ, ಅತ್ಯಾಚಾರದ ಉದ್ದೇಶದ ಹಲ್ಲೆ, ಅಪಹರಣ, 2013ರ ತಿದ್ದುಪಡಿಯ ಬಳಿಕ ಆಸಿಡ್ ದಾಳಿ. ಆದರೆ ಎಲ್ಲಕ್ಕೂ ಬೇಲಿ ಹಾಕುತ್ತಿದ್ದದ್ದು 99ನೇ ಕಲಮು. ಸರ್ಕಾರಿ ಅಧಿಕಾರಿಗಳ ರಕ್ಷಣೆ ಪಡೆಯಲು ವ್ಯವಧಾನವಿದ್ದಾಗ ಈ ಹಕ್ಕು ಇಲ್ಲ ಎನ್ನುತ್ತಿತ್ತು ಅದು. ಅಕ್ಕು ಯಾದವ್ ಆ ಮಧ್ಯಾಹ್ನ ಇದ್ದದ್ದು ಪೊಲೀಸರ ವಶದಲ್ಲಿ, ನ್ಯಾಯಾಲಯದ ಸೂರಿನಡಿ. ಇದಕ್ಕಿಂತ ‘ವ್ಯವಧಾನ’ ಇನ್ನೆಲ್ಲಿ?

ಹಠಾತ್ ಪ್ರಚೋದನೆಯ ವಿನಾಯಿತಿಯೂ ಒದಗುವಂತಿರಲಿಲ್ಲ. 1961ರ ನಾನಾವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಿಟ್ಟು ಆರುವಷ್ಟು ಹೊತ್ತು ಸಿಕ್ಕಿತ್ತು ಎಂಬ ಕಾರಣಕ್ಕೇ ನೌಕಾಪಡೆಯ ಅಧಿಕಾರಿ ನಾನಾವತಿಯ ವಾದವನ್ನು ತಳ್ಳಿತ್ತು. ಮದ್ರಾಸ್ ಹೈಕೋರ್ಟು ಮಾತ್ರ 1989ರ ಒಂದು ತೀರ್ಪಿನಲ್ಲಿ ಬೇರೆ ದಾರಿ ತೋರಿತು. ಏಳು ಮಕ್ಕಳೊಡನೆ ಬಾವಿಗೆ ಹಾರಿದ ನಲ್ಲತಂಗಾಳ್ ಎಂಬ ತಮಿಳು ಜನಪದ ಕಥೆಯ ತಾಯಿಯನ್ನು ನೆನೆದು, ವರ್ಷಗಟ್ಟಲೆ ಬೆಂದು ಒಮ್ಮೆ ಸಿಡಿಯುವ ‘ನಿರಂತರ ಪ್ರಚೋದನೆ’ಗೂ ಕಾನೂನಿನಲ್ಲಿ ಜಾಗವಿದೆ ಎಂದಿತು. ಇಂಗ್ಲೆಂಡಿನಲ್ಲಿ ಹತ್ತು ವರ್ಷ ಗಂಡನ ಹಿಂಸೆ ಸಹಿಸಿ 1989ರಲ್ಲಿ ಅವನಿಗೆ ಬೆಂಕಿ ಹಚ್ಚಿದ ಪಂಜಾಬಿ ಮಹಿಳೆ ಕಿರಣ್‌ಜಿತ್ ಅಹ್ಲುವಾಲಿಯಾ ಕೊಲೆ ಶಿಕ್ಷೆಯಿಂದ ಪಾರಾಗಿ ಹೊರಬಂದದ್ದು 1992ರ ಮೇಲ್ಮನವಿಯ ಬಳಿಕ. ನಾಗಪುರದ ಹೆಂಗಸರ ಸ್ಥಿತಿಯನ್ನು ಇಂಥ ತೀರ್ಪುಗಳ ಪಕ್ಕ ಇಟ್ಟು ನೋಡಬಹುದಿತ್ತು. ಅದಕ್ಕೆ ಯಾರಾದರೂ ‘ಹೌದು, ನಾವೇ’ ಎಂಬಲ್ಲಿಂದ ವಾದ ಆರಂಭಿಸಬೇಕಿತ್ತು. ಬೀದಿಯಲ್ಲಿ ಇನ್ನೂರು ಬಾಯಿ ಹೇಳಿದ್ದನ್ನು ಕಟಕಟೆಯಲ್ಲಿ ಹೇಳುವ ಧೈರ್ಯ ಯಾರಿಗೆ ಬರಬೇಕು, ಎದುರಿಗೆ ನಿಂತ ಸರ್ಕಾರಿ ವಕೀಲರ ಮೇಲೆ ನಂಬಿಕೆಯೇ ಇಲ್ಲದಾಗ?

ಪ್ರಶ್ನೆಯ ತಿರುಳು ಇಲ್ಲಿದೆ. ‘ಪೊಲೀಸರ ಬಳಿ ಹೋಗಬಹುದಿತ್ತಲ್ಲ’ ಎಂದು ಆರೋಪಿಯನ್ನು ಕೇಳುವವರು ಪಬ್ಲಿಕ್ ಪ್ರಾಸಿಕ್ಯೂಟರ್. ಅವರು ನಿಲ್ಲುವುದು ಸರ್ಕಾರದ ಪರ. ಠಾಣೆ ನಡೆಸುವುದೂ ಅದೇ ಸರ್ಕಾರ. ಠಾಣೆಯ ಬಾಗಿಲು ಮುಚ್ಚಿತ್ತು ಎಂಬುದೇ ಆರೋಪಿಯ ಉತ್ತರವಾದರೆ, ಅದನ್ನು ಸಾಬೀತು ಮಾಡುವ ಕಡತ ಇರುವುದೂ ಠಾಣೆಯಲ್ಲೇ. ಆಗಿದ್ದ ಪುರಾವೆ ಕಾಯ್ದೆಯ 105ನೇ ಕಲಮಿನ ಪ್ರಕಾರ ಆತ್ಮರಕ್ಷಣೆಯ ಸಂದರ್ಭವನ್ನು ತೋರಿಸುವ ಹೊಣೆ ಆರೋಪಿಯದಾಗಿತ್ತು. ಸಂಶಯಾತೀತವಾಗಿ ಅಲ್ಲ, ಸಂಭವನೀಯ ಎನಿಸುವಷ್ಟು ಸಾಕು; ಆರೋಪಿ ಆ ವಾದವನ್ನು ಎತ್ತದಿದ್ದರೂ ಪ್ರಾಸಿಕ್ಯೂಷನ್ ಸಾಕ್ಷ್ಯದಲ್ಲೇ ಅದು ಕಂಡರೆ ಕೋರ್ಟು ಪರಿಗಣಿಸಬಹುದು ಎಂದು 1968ರ ಮುನ್ಷಿರಾಮ್ ತೀರ್ಪು ಹೇಳಿದೆ. ಆದರೆ ಆ ಸಾಕ್ಷ್ಯವನ್ನು ಆಯ್ದು, ಕಟ್ಟಿ, ಕೋರ್ಟಿನ ಮುಂದಿಡುವವರು ಯಾರು?

ಹೊಲದ ಬದುವಿನ ಜಗಳಗಳನ್ನು ಕಂಡವರಿಗೆ ಇದು ಹೊಸದೇನಲ್ಲ. ಎರಡೂ ಕಡೆಯವರಿಗೆ ಪೆಟ್ಟು ಬಿದ್ದಿರುತ್ತದೆ. ಕೇಸಿಗೆ ಕೌಂಟರ್ ಕೇಸು ಬೀಳುತ್ತದೆ. ಮೊದಲು ಠಾಣೆ ತಲುಪಿದವನು ದೂರುದಾರ, ತಡವಾದವನು ಆರೋಪಿ. ಆರೋಪಿಯ ಮೈಮೇಲಿನ ಗಾಯ ಚಾರ್ಜ್‌ಶೀಟಿನಲ್ಲಿ ಕಾಣೆಯಾಗುತ್ತದೆ. ಆ ಗಾಯವನ್ನು ಪ್ರಾಸಿಕ್ಯೂಷನ್ ವಿವರಿಸದೆ ಹೋದರೆ ಅದರ ಕಥೆಯನ್ನೇ ಅನುಮಾನಿಸಬಹುದು ಎಂದು 1976ರ ಲಕ್ಷ್ಮಿಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಎಚ್ಚರಿಸಬೇಕಾಯಿತು. 1999ರ ಶಿವಕುಮಾರ್ ತೀರ್ಪಿನಲ್ಲಿ ಇನ್ನೂ ನೇರವಾಗಿ ಹೇಳಿತು: ಹೇಗಾದರೂ ಶಿಕ್ಷೆ ಕೊಡಿಸುವುದು ಸರ್ಕಾರಿ ವಕೀಲರ ಕೆಲಸವಲ್ಲ, ಆರೋಪಿಗೆ ನ್ಯಾಯವಾಗಿ ಸಲ್ಲಬೇಕಾದ ಅಂಶ ಕಂಡರೆ ಅದನ್ನು ಕೋರ್ಟಿನ ಗಮನಕ್ಕೆ ತರುವುದೂ ಅವರ ಕರ್ತವ್ಯ.

ಮಹಾರಾಷ್ಟ್ರದಲ್ಲಿ ಈ ಆದರ್ಶಕ್ಕೂ ವಾಸ್ತವಕ್ಕೂ ಇದ್ದ ದೂರಕ್ಕೆ ದಾಖಲೆಯೇ ಇದೆ. ಪ್ರಾಸಿಕ್ಯೂಷನ್ ಪೊಲೀಸರಿಂದ ಬೇರೆಯಾಗಬೇಕೆಂದು ಕಾನೂನು ಆಯೋಗ 1958ರಲ್ಲೇ ಹೇಳಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ ಅದನ್ನು ಒಪ್ಪಿತ್ತು. ಆದರೂ ಈ ರಾಜ್ಯದ ಸಹಾಯಕ ಸರ್ಕಾರಿ ವಕೀಲರು ಪೊಲೀಸ್ ಇಲಾಖೆಯ ಹಿಡಿತದಲ್ಲೇ ಇದ್ದರು. ಅವರಲ್ಲಿ ಶಹಾಣೆ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 1995ರಲ್ಲಿ, ಇವರಿಗಾಗಿ ಪೊಲೀಸರ ಅಂಕೆಯಿಲ್ಲದ ಪ್ರತ್ಯೇಕ ಇಲಾಖೆ ಮಾಡಿ ಎಂದು ಸರ್ಕಾರಕ್ಕೆ ಆದೇಶವಾಯಿತು. ಕಸ್ತೂರಬಾ ನಗರದವರು ಠಾಣೆಗೆ ಅಲೆಯುತ್ತಿದ್ದೆವು ಎನ್ನುವ ವರ್ಷಗಳೂ ಇವೇ.

2004ನೇ ಇಸವಿಗೆ ಇನ್ನೊಂದು ಗುರುತಿದೆ. ನಾಗಪುರದ ಘಟನೆಗೆ ನಾಲ್ಕು ತಿಂಗಳ ಹಿಂದೆ, ಏಪ್ರಿಲ್ 12ರಂದು, ಗುಜರಾತ್ ಗಲಭೆಯ ಬೆಸ್ಟ್ ಬೇಕರಿ ಹತ್ಯೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸರ್ಕಾರಿ ವಕೀಲರ ಮೇಲೆಯೇ ಹರಿಹಾಯ್ದಿತ್ತು. ಅವರು ಪ್ರಾಸಿಕ್ಯೂಟರ್ ಆಗಿರದೆ ಆರೋಪಿಗಳ ವಕೀಲರಂತೆ ನಡೆದುಕೊಂಡರೆಂದು ಹೇಳಿ, ಮರುವಿಚಾರಣೆಯನ್ನು ಮಹಾರಾಷ್ಟ್ರಕ್ಕೆ ಕಳಿಸಿತು. ಅದಕ್ಕೂ ಮೊದಲು, 2003ರ ನವೆಂಬರಿನಲ್ಲಿ, ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಅಕ್ರಮ ಆಸ್ತಿ ಮೊಕದ್ದಮೆಯನ್ನು ಚೆನ್ನೈಯಿಂದ ಬೆಂಗಳೂರಿಗೆ ತಂದದ್ದಕ್ಕೂ ಇಂಥದ್ದೇ ಕಾರಣ: ಸಾಕ್ಷಿಗಳನ್ನು ಮತ್ತೆ ಕರೆಸಿದರು, ಅವರು ಮಾತು ತಿರುಗಿಸಿದರು, ಸರ್ಕಾರಿ ವಕೀಲರು ತುಟಿ ಬಿಚ್ಚಲಿಲ್ಲ. ಬೆಂಗಳೂರಿನಲ್ಲಿ ಆ ಹೊಣೆ ಹೊತ್ತವರು ಬಿ.ವಿ. ಆಚಾರ್ಯ. ಪ್ರಾಸಿಕ್ಯೂಟರ್ ಯಾರು, ಅವರನ್ನು ನೇಮಿಸಬೇಕಾದವರು ಯಾರು ಎಂಬ ಜಗಳವೇ 2015ರಲ್ಲಿ ಇನ್ನೊಮ್ಮೆ ಸುಪ್ರೀಂ ಕೋರ್ಟಿನತನಕ ಹೋಯಿತು. ಮುಖ್ಯಮಂತ್ರಿಯೊಬ್ಬರ ಮೊಕದ್ದಮೆಯಾದರೆ ರಾಜ್ಯವನ್ನೇ ಬದಲಿಸಿ ಸರಿಪಡಿಸಬಹುದು. ಕೊಳೆಗೇರಿಯ ದೂರು ಎಲ್ಲಿಗೆ ವರ್ಗವಾಗಬೇಕು?

ಈ ರೋಗಕ್ಕೆ ಮದ್ದು ಬರೆದವರಲ್ಲಿ ಕನ್ನಡಿಗರೂ ಇದ್ದಾರೆ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ ಕೊಟ್ಟ ವರದಿ, ತನಿಖೆಗೂ ಪ್ರಾಸಿಕ್ಯೂಷನ್‌ಗೂ ಹೊಂದಾಣಿಕೆ ತರಲು ಪ್ರತಿ ರಾಜ್ಯದಲ್ಲೂ ಪ್ರಾಸಿಕ್ಯೂಷನ್ ನಿರ್ದೇಶಕರಿರಬೇಕು ಎಂದಿತು. ಶಿಕ್ಷೆಗೆ ಬೇಕಾದ ರುಜುವಾತಿನ ಮಟ್ಟವನ್ನೇ ಇಳಿಸುವ ಅದರ ಸಲಹೆಗೆ ಮಾನವ ಹಕ್ಕುಗಳವರಿಂದ ಬಂದ ಟೀಕೆ ಕಟುವಾಗಿತ್ತು, ನ್ಯಾಯವಾಗಿಯೂ ಇತ್ತು. ನಿರ್ದೇಶನಾಲಯದ ಅವಕಾಶ ಮುಂದೆ 25ಎ ಕಲಮಾಗಿ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿತು. ಕಚೇರಿ ಬೇರೆಯಾಯಿತು. ಆದರೆ ಸೆಷನ್ಸ್ ಕೋರ್ಟಿನ ಸರ್ಕಾರಿ ವಕೀಲರನ್ನು ಏಳು ವರ್ಷ ವಕೀಲಿ ಮಾಡಿದವರ ಪಟ್ಟಿಯಿಂದ ಆರಿಸುವುದು ರಾಜ್ಯ ಸರ್ಕಾರವೇ.

ಚುನಾವಣೆಯಲ್ಲಿ ಗೆದ್ದು ಪ್ರಾಸಿಕ್ಯೂಟರ್ ಆಗುವ ಅಮೆರಿಕದಲ್ಲೂ ಈ ಅಪನಂಬಿಕೆ ಕಡಿಮೆಯಿಲ್ಲ. ಫ್ಲಾರಿಡಾದಲ್ಲಿ 2012ರ ಫೆಬ್ರುವರಿ 26ರಂದು ಟ್ರೇವಾನ್ ಮಾರ್ಟಿನ್ ಎಂಬ ಹದಿನೇಳರ ಕರಿಯ ಹುಡುಗನನ್ನು ಗುಂಡಿಕ್ಕಿದವನು ಆತ್ಮರಕ್ಷಣೆ ಎಂದ. ಅವನ ಬಂಧನವಾದದ್ದು ವಿಶೇಷ ಪ್ರಾಸಿಕ್ಯೂಟರ್ ಬಂದ ಮೇಲೆ, ಏಪ್ರಿಲ್ 11ಕ್ಕೆ. ಮರುವರ್ಷ ಅವನು ಖುಲಾಸೆಯಾದ. ಅಲ್ಲಿ ಜನರ ದೂರು ಪ್ರಾಸಿಕ್ಯೂಟರ್ ಆತ್ಮರಕ್ಷಣೆಯನ್ನು ಸುಲಭಕ್ಕೆ ಒಪ್ಪಿದರೆಂದು. ನಮ್ಮಲ್ಲಿ ಒಪ್ಪುವುದೇ ಇಲ್ಲವೆಂದು. ಎರಡು ಕಡೆಯೂ ಯಾರ ಭಯ ‘ಸಹಜ’ ಎನಿಸುತ್ತದೆ, ಯಾರದಲ್ಲ ಎಂಬುದರ ಸುತ್ತಲೇ ಸಿಟ್ಟು.

ಭಾರತದ ಮೇಲಿನ ಕೋರ್ಟುಗಳು ಭಯವನ್ನು ಅರಿಯಲಾರವು ಎನ್ನುವಂತಿಲ್ಲ. 1988ರ ಭಾರತ ಬಂದ್ ದಿನ ತನ್ನ ಗಿರಣಿಗೆ ನುಗ್ಗಿದವರ ಮೇಲೆ ಗುಂಡು ಹಾರಿಸಿದ ಕೇರಳದ ಜೇಮ್ಸ್ ಮಾರ್ಟಿನ್‌ನನ್ನು ಸುಪ್ರೀಂ ಕೋರ್ಟು 2003ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿತು. ಆದರೆ ಅಮ್ಜದ್ ಖಾನ್, ಜೇಮ್ಸ್ ಮಾರ್ಟಿನ್ ಇಬ್ಬರಿಗೂ ಒಂದು ಬಾಗಿಲಿತ್ತು, ಹೊಸ್ತಿಲು ದಾಟುವ ಶತ್ರುವಿದ್ದ, ಒಂದು ಕ್ಷಣವಿತ್ತು. ಹತ್ತು ವರ್ಷ ಹಬ್ಬಿದ ಭಯಕ್ಕೆ ಅಂಥ ಹೊಸ್ತಿಲಿಲ್ಲ. ಅದನ್ನು ಕೋರ್ಟಿಗೆ ತೋರಿಸಲು ಬೇಕಾದದ್ದು ಹಳೆಯ ದೂರುಗಳು, ದಾಖಲಾಗದ ಎಫ್‌ಐಆರ್‌ಗಳು, ಜಾಮೀನು ಅರ್ಜಿಗೆ ಸರ್ಕಾರಿ ವಕೀಲರು ಎಷ್ಟು ಬಲವಾಗಿ ತಕರಾರು ಸಲ್ಲಿಸಿದ್ದರು ಎಂಬ ವಿವರ. ಇವನ್ನು ತರಿಸಿ ಕೋರ್ಟಿನ ಮುಂದಿಡುವುದು ಪ್ರಾಸಿಕ್ಯೂಷನ್‌ಗೆ ಕಡ್ಡಾಯವಾಗಬೇಕು ಎಂಬುದು ಈ ಲೇಖನದ ನಿಲುವು: ವ್ಯವಧಾನವಿತ್ತು ಎಂದು ವಾದಿಸುವವರೇ ಆ ವ್ಯವಧಾನದಲ್ಲಿ ಠಾಣೆ ಏನು ಮಾಡಿತ್ತು ಎಂಬ ಲೆಕ್ಕ ಒಪ್ಪಿಸಲಿ. ಇದರಿಂದ ಕಸ್ತೂರಬಾ ನಗರದವರು ಖಂಡಿತ ಖುಲಾಸೆಯಾಗುತ್ತಿದ್ದರು ಎಂದಲ್ಲ. ಕೆಲವರಿಗೆ ಕಡಿಮೆ ಶಿಕ್ಷೆಯಾದರೂ ಆಗಬಹುದಿತ್ತು. ಆದರೆ ಸತ್ತವನ ಮೇಲಿನ ಆರೋಪ, ಪೊಲೀಸರ ಮೇಲಿನ ಆರೋಪ, ಹೆಂಗಸರ ಮೇಲಿನ ಆರೋಪ ಮೂರೂ ಒಂದೇ ಕಡತದಲ್ಲಿ ಕೂರುತ್ತಿದ್ದವು.

2014ರ ಜನವರಿಯಲ್ಲಿ, ಕಿಶನ್‌ಭಾಯಿ ಪ್ರಕರಣದಲ್ಲಿ, ಪ್ರತಿ ಖುಲಾಸೆಯ ಕಾರಣವನ್ನೂ ಪರಿಶೀಲಿಸಿ ತಪ್ಪು ಮಾಡಿದ ತನಿಖಾಧಿಕಾರಿ, ಪ್ರಾಸಿಕ್ಯೂಟರ್‌ಗಳನ್ನು ಗುರುತಿಸಬೇಕೆಂದು ಸುಪ್ರೀಂ ಕೋರ್ಟು ರಾಜ್ಯಗಳಿಗೆ ಆದೇಶಿಸಿತ್ತು. ನಾಗಪುರದ ಖುಲಾಸೆಯೂ ಅದೇ ವರ್ಷದ್ದು.

2024ರ ಜುಲೈ 1ರಂದು ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಖಾಸಗಿ ರಕ್ಷಣೆಯ ಕಲಮುಗಳು 34ರಿಂದ 44ಕ್ಕೆ ಸರಿದವು. ಹಳೆಯ 99 ಈಗ 37. ಅಧಿಕಾರಿಗಳ ರಕ್ಷಣೆ ಪಡೆಯಲು ವ್ಯವಧಾನವಿದ್ದಾಗ ಹಕ್ಕಿಲ್ಲ ಎಂಬ ಮಾತು ಮಾತ್ರ 1860ರಲ್ಲಿ ಇದ್ದಂತೆಯೇ ಇದೆ.