ಸಕ್ಕರೆ ಒಡೆಯುವ ಲಯ: ಯೀಸ್ಟಿನಿಂದ ಬೆಂಗಳೂರಿನವರೆಗೆ

ಜೀವಕೋಶವು ಗ್ಲೂಕೋಸನ್ನು ಹತ್ತು ಹಂತಗಳಲ್ಲಿ ಒಡೆದು ಪೈರುವೇಟ್ ಆಗಿಸುವ ಕ್ರಿಯೆಗೆ ಗ್ಲೈಕಾಲಿಸಿಸ್ ಎಂದು ಹೆಸರು. ಒಂದು ಗ್ಲೂಕೋಸ್ ಅಣುವಿಗೆ ಮೊದಲು ಕೋಶದ ಶಕ್ತಿನಾಣ್ಯವಾದ ಎಟಿಪಿಯ ಎರಡು ಅಣುಗಳು ಖರ್ಚಾಗುತ್ತವೆ, ಮುಂದೆ ನಾಲ್ಕು ಹುಟ್ಟುತ್ತವೆ. ನಿವ್ವಳ ಗಳಿಕೆ ಎರಡು. 1940ರ ಹೊತ್ತಿಗೆ ಈ ಹಂತಗಳೆಲ್ಲ ಗೊತ್ತಾಗಿದ್ದವು. ಕ್ರಿಯೆಯ ವೇಗ ತಾನಾಗಿ ಏರಿಳಿಯಬಹುದೆಂಬ ಊಹೆ ಮಾತ್ರ ಆಗ ಯಾರಿಗೂ ಇದ್ದಂತಿಲ್ಲ.

ಏರಿಳಿತದ ಮೊದಲ ಸುಳಿವು ಸಿಕ್ಕಿದ್ದು 1957ರಲ್ಲಿ. ನೆದರ್ಲೆಂಡ್ಸಿನ ಡೊಯ್ಸೆನ್ಸ್ ಮತ್ತು ಆಮೆಸ್, ಯೀಸ್ಟ್ ಕೋಶಗಳ ಮೇಲೆ ಅತಿನೇರಳೆ ಬೆಳಕು ಬಿಟ್ಟು ಅವು ಹೊರಸೂಸುವ ನೀಲಿ ಹೊಳಪನ್ನು ಅಳೆಯುತ್ತಿದ್ದರು. ಸಕ್ಕರೆ ಒಡೆಯುವಾಗ ಹುಟ್ಟುವ ಎನ್‌ಎಡಿಎಚ್ ಹೀಗೆ ಹೊಳೆಯುತ್ತದೆ. ಅದರ ಉತ್ಕರ್ಷಿತ ರೂಪ ಹೊಳೆಯುವುದಿಲ್ಲ. ಆ ಹೊಳಪು ಒಂದೇ ಮಟ್ಟದಲ್ಲಿ ನಿಲ್ಲದೆ ಏರಿ ಇಳಿಯಿತು. ಇದನ್ನು ಬೆನ್ನಟ್ಟಿದವರು ಅಮೆರಿಕದ ಬ್ರಿಟನ್ ಚಾನ್ಸ್. 1964ರಲ್ಲಿ ಅವರ ಜೊತೆ ಘೋಷ್ ನಡೆಸಿದ ಪ್ರಯೋಗವು ಮೂಲ ಎಲ್ಲಿದೆ ಎಂಬುದನ್ನು ಬಹುಮಟ್ಟಿಗೆ ತೋರಿಸಿಕೊಟ್ಟಿತು: ಫಾಸ್ಫೋಫ್ರಕ್ಟೋಕೈನೇಸ್ ಎಂಬ ಕಿಣ್ವದ ಹಿಂದಿನ ಸಕ್ಕರೆಗಳು ಹೆಚ್ಚಿದಾಗ ಅದರ ಮುಂದಿನದು ತಗ್ಗುತ್ತಿತ್ತು, ಮುಂದಿನದು ಹೆಚ್ಚಿದಾಗ ಹಿಂದಿನವು ತಗ್ಗುತ್ತಿದ್ದವು. ಎರಡು ವರ್ಷಗಳಲ್ಲಿ ಪೈ ಮತ್ತು ಚಾನ್ಸ್, ಕೋಶವನ್ನೇ ಒಡೆದು ತೆಗೆದ ಸಾರದಲ್ಲೂ ಏರಿಳಿತ ನಿಲ್ಲದೆ ಸಾಗುವುದನ್ನು ಕಂಡರು. ಲಯಕ್ಕೆ ಇಡೀ ಕೋಶವೇ ಬೇಕಿರಲಿಲ್ಲ.

ಈ ಕಿಣ್ವದ ನಡವಳಿಕೆ ವಿಚಿತ್ರ. ಅದು ಕೆಲಸಕ್ಕೆ ಬಳಸುವುದು ಎಟಿಪಿಯನ್ನೇ. ಆದರೆ ಎಟಿಪಿ ತುಂಬಿದರೆ ಅದು ಮಂದವಾಗುತ್ತದೆ, ಎಟಿಪಿ ಖರ್ಚಾಗಿ ಎಡಿಪಿ, ಎಎಂಪಿ ಹೆಚ್ಚಿದಾಗ ಚುರುಕಾಗುತ್ತದೆ. ಹೀಗಾಗಿ ಓಟ ಶುರುವಾದರೆ ತನ್ನನ್ನು ತಾನೇ ಹುರಿದುಂಬಿಸಿಕೊಳ್ಳುತ್ತದೆ. ಕಚ್ಚಾವಸ್ತು ಮುಗಿದಾಗ ನಿಲ್ಲುತ್ತದೆ, ಮತ್ತೆ ಕೂಡಿದಾಗ ಹೊರಡುತ್ತದೆ. ಹಿಗ್ಗಿನ್ಸ್ 1964ರಲ್ಲಿ, ರಷ್ಯದ ಸೆಲ್ಕೊವ್ 1968ರಲ್ಲಿ, ಗೋಲ್ಡ್‌ಬೆಟರ್ ಮತ್ತು ಲೆಫೆವರ್ 1972ರಲ್ಲಿ ಇದನ್ನು ಗಣಿತಕ್ಕೆ ಇಳಿಸಿದರು. ಸೆಲ್ಕೊವ್ ಬರೆದದ್ದು ಎರಡೇ ಸಮೀಕರಣ. ಅದು ಇಂದಿಗೂ ಪಾಠಕ್ಕೆ ಬರುತ್ತದೆ.

ಕೋಟಿಗಟ್ಟಲೆ ಕೋಶಗಳು ಒಟ್ಟಿಗೆ ಮಿಡಿಯುವುದು ಹೇಗೆ? ಆಮ್‌ಸ್ಟರ್‌ಡ್ಯಾಮಿನ ತಂಡ 1996ರಲ್ಲಿ ಉತ್ತರ ಕೊಟ್ಟಿತು: ಕೋಶಗಳು ಹೊರಬಿಡುವ ಅಸಿಟಾಲ್ಡಿಹೈಡ್ ಅವುಗಳ ನಡುವೆ ಹರಿದಾಡಿ ತಾಳ ಹೊಂದಿಸುತ್ತದೆ. 2012ರಲ್ಲಿ ಸ್ವೀಡನ್ನಿನವರು ಬೇರ್ಪಡಿಸಿದ ಒಂಟಿ ಕೋಶಗಳೂ ಮಿಡಿಯುವುದನ್ನು ತೋರಿಸಿದರು.

ಇದರಿಂದ ಕೋಶಕ್ಕೇನು ಲಾಭ ಎಂಬುದು ಇನ್ನೂ ಕಷ್ಟದ ಪ್ರಶ್ನೆ. 2011ರಲ್ಲಿ ಚಂದ್ರ, ಬುಜಿ ಮತ್ತು ಡಾಯ್ಲ್, ಲಾಭವೇ ಇರಬೇಕಾಗಿಲ್ಲ ಎಂದು ವಾದಿಸಿದರು. ಎಟಿಪಿ ಗಳಿಸಲು ಮೊದಲು ಎಟಿಪಿಯನ್ನೇ ಹೂಡಬೇಕಾದ ವ್ಯವಸ್ಥೆಯಲ್ಲಿ ದಕ್ಷತೆಯೂ ಸ್ಥಿರತೆಯೂ ಒಟ್ಟಿಗೆ ಪೂರ್ತಿ ಸಿಗುವುದಿಲ್ಲ. ಏರಿಳಿತ ಆ ಬಿಗಿತದ ಉಪಫಲ. ಬಂದಿರುವ ವಿವರಣೆಗಳಲ್ಲಿ ಹೆಚ್ಚು ಒಪ್ಪುವಂಥದ್ದು ಇದೇ. ಆದರೂ ಮೇದೋಜೀರಕದ ಬೀಟಾ ಕೋಶಗಳು ಇನ್ಸುಲಿನ್ನನ್ನು ಅಲೆಅಲೆಯಾಗಿ ಬಿಡುವುದರಲ್ಲಿ ಗ್ಲೈಕಾಲಿಸಿಸ್ಸಿನ ಲಯದ ಪಾತ್ರವೇನು ಎಂಬ ಚರ್ಚೆ ನಿಂತಿಲ್ಲ.

ಬೆಂಗಳೂರು ಈ ಕಥೆಗೆ ಬರುವುದು ಇನ್ನೊಂದು, ನಿಧಾನದ ಲಯದ ಮೂಲಕ. ಪ್ರಯೋಗದ ಜೀವಿ ಬೇಕರಿ ಯೀಸ್ಟೇ. ಬಸವನಗುಡಿ, ಮಲ್ಲೇಶ್ವರದ ಅಯ್ಯಂಗಾರ್ ಬೇಕರಿಗಳಲ್ಲಿ ಬನ್ನು ಉಬ್ಬಿಸುವ ಜಾತಿ. 2005ರಲ್ಲಿ ಬೆಂಜಮಿನ್ ಟು ಮತ್ತು ಸಂಗಡಿಗರು ಅಮೆರಿಕದಲ್ಲಿ, ಮಿತವಾಗಿ ಸಕ್ಕರೆ ಉಣಿಸಿದ ಯೀಸ್ಟಿನ ಆಮ್ಲಜನಕ ಬಳಕೆ ನಾಲ್ಕೈದು ಗಂಟೆಗೊಮ್ಮೆ ಏರಿಳಿಯುವುದನ್ನೂ, ಅದರ ಅರ್ಧಕ್ಕಿಂತ ಹೆಚ್ಚು ಜೀನ್‌ಗಳು ಅದೇ ಲಯಕ್ಕೆ ಕುಣಿಯುವುದನ್ನೂ ವರದಿ ಮಾಡಿದರು. ಟು ಅವರ ಪ್ರಯೋಗಾಲಯದಲ್ಲಿ ದುಡಿದ ಸುನಿಲ್ ಲಕ್ಷ್ಮಣ್ ಮುಂದೆ ಬೆಂಗಳೂರಿನ ಜಿಕೆವಿಕೆ ಆವರಣದ ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆ ಸೇರಿದರು. 2018ರಲ್ಲಿ ಅವರೂ ಪಕ್ಕದ ಸಂಸ್ಥೆ ಎನ್‌ಸಿಬಿಎಸ್ಸಿನ ಸಂದೀಪ್ ಕೃಷ್ಣ ಅವರೂ ಒಂದು ಸರಳ ಮಾದರಿ ಪ್ರಕಟಿಸಿದರು. ಕೋಶಗಳಿಗೆ ಅದರಲ್ಲಿ ಎರಡೇ ಸ್ಥಿತಿ: ಬೆಳೆಯುವುದು, ಸುಮ್ಮನಿರುವುದು. ಒಂದು ಚಯಾಪಚಯ ಸಂಪನ್ಮೂಲ ಕೂಡಿದಾಗ ಸುಮ್ಮನಿದ್ದವು ಬೆಳವಣಿಗೆಗೆ ಹೊರಳುತ್ತವೆ, ಕರಗಿದಾಗ ಮರಳುತ್ತವೆ. ಇದ್ದ ಸ್ಥಿತಿಯ ನೆನಪು ಇರುವುದರಿಂದ ಸಂಪನ್ಮೂಲ ಬದಲಾದ ಕೂಡಲೇ ಹೊರಳುವಿಕೆ ಆಗುವುದಿಲ್ಲ. ಆ ಸಂಪನ್ಮೂಲವಾಗಿ ಅವರು ಮುಂದಿಟ್ಟದ್ದು ಅಸಿಟೈಲ್-ಕೋಎ, ಪೈರುವೇಟಿನಿಂದಲೂ ಹುಟ್ಟುವ ಅಣು. ಗ್ಲೈಕಾಲಿಸಿಸ್ಸಿನ ನಿಮಿಷಗಳ ಲಯವನ್ನು ವಿವರಿಸಲು ಹಳೆಯ ಮಾದರಿಗಳಿಗೆ ಒಂದು ಕಿಣ್ವ ಸಾಕಾಯಿತು. ಗಂಟೆಗಳ ಲಯವನ್ನು ಈ ಮಾದರಿ ವಿವರಿಸುವುದು ಕೋಶಗಳ ಸಮೂಹದ ಮಟ್ಟದಲ್ಲಿ. ಎರಡನ್ನೂ ಒಂದೇ ಎಂದು ಓದಬಾರದು.