ವೆಸ್ಟ್ ಎಂಡ್ ಮತ್ತು ತಾಜ್ ಬಳಗದ ಅಂತಸ್ತುಗಳು

ರೇಸ್ ಕೋರ್ಸ್ ರಸ್ತೆಯ ವೆಸ್ಟ್ ಎಂಡ್ ಹೋಟೆಲು ಹಳೆಯ ಬೆಂಗಳೂರಿನ ಹಲವು ಬಡಾವಣೆಗಳಿಗಿಂತ ಹಿರಿಯದು. ಬ್ರಾನ್ಸನ್ ಎಂಬ ಬ್ರಿಟಿಷ್ ಮಹಿಳೆ 1887ರಲ್ಲಿ ಹತ್ತು ಕೋಣೆಗಳ ವಸತಿಗೃಹವಾಗಿ ಅದನ್ನು ತೆರೆದಾಗ ಚಾಮರಾಜಪೇಟೆ ಇನ್ನೂ ಹುಟ್ಟಿರಲಿಲ್ಲ; ಅದು ರೂಪುಗೊಂಡದ್ದು 1892ರಲ್ಲಿ. ಬಸವನಗುಡಿ ಮತ್ತು ಮಲ್ಲೇಶ್ವರಗಳಂತೂ 1898ರ ಪ್ಲೇಗಿನ ತರುವಾಯ, ಕಿಕ್ಕಿರಿದ ಪೇಟೆಯ ಜನರಿಗೆ ಗಾಳಿ ಬೆಳಕಿನ ನೆಲೆ ಒದಗಿಸಲೆಂದು ಬೆಳೆದವು. ಆ ಕಾಲದಲ್ಲಿ ಪರಸ್ಥಳದಿಂದ ಬಂದ ಸಾಮಾನ್ಯ ಪ್ರಯಾಣಿಕನಿಗೆ ಆಸರೆಯಾಗಿದ್ದುದು ಛತ್ರ, ಅಂದರೆ ದಾನಿಗಳು ಕಟ್ಟಿಸಿದ ತಂಗುದಾಣ. 1903ರಲ್ಲಿ ತೆರೆದ ಗುಬ್ಬಿ ತೋಟದಪ್ಪನವರ ಧರ್ಮಛತ್ರ ಆ ಪರಂಪರೆಯ ಹೆಮ್ಮೆ. ಹಣ ತೆತ್ತು, ತೋಟದ ನಡುವೆ, ತಮ್ಮ ರೂಢಿಯ ಊಟೋಪಚಾರದೊಂದಿಗೆ ಉಳಿಯಬಯಸಿದ ಐರೋಪ್ಯರಿಗಾಗಿ ವೆಸ್ಟ್ ಎಂಡ್ ಇತ್ತು.

ಮುಂದೆ ಈ ಹೋಟೆಲು ಮದ್ರಾಸಿನ ಸ್ಪೆನ್ಸರ್ ಕಂಪನಿಯ ಕೈಸೇರಿತು. ಮದ್ರಾಸಿನ ಕನ್ನೆಮರಾ ಮತ್ತು ಊಟಿಯ ಸವಾಯ್ ಹೋಟೆಲುಗಳೂ ಅದೇ ಕಂಪನಿಯವಾಗಿದ್ದವು. 1984ರಲ್ಲಿ ಈ ಮೂರರ ಆಡಳಿತವೂ ತಾಜ್ ಬಳಗಕ್ಕೆ, ಎಂದರೆ ಜಮ್‌ಷೆಟ್‌ಜಿ ಟಾಟಾ ಅವರು 1903ರಲ್ಲಿ ಮುಂಬಯಿಯ ತಾಜ್ ಮಹಲ್ ಹೋಟೆಲನ್ನು ತೆರೆಯುವ ಮೂಲಕ ನೆಲೆಗೊಳಿಸಿದ ಇಂಡಿಯನ್ ಹೋಟೆಲ್ಸ್ ಕಂಪನಿಗೆ, ಬಂದಿತು. ಒಂದೇ ಮನೆಯಿಂದ ಬಂದ ಈ ಮೂರು ಹೋಟೆಲುಗಳ ಅಂತಸ್ತು ಮಾತ್ರ ಮುಂದೆ ಒಂದೇ ಆಗಿ ಉಳಿಯಲಿಲ್ಲ.

ಹೋಟೆಲು ಉದ್ಯಮದಲ್ಲಿ ಬ್ರ್ಯಾಂಡ್ ಎಂದರೆ ಬಾಡಿಗೆ, ಉಪಚಾರ, ಅಲಂಕಾರಗಳ ಮಟ್ಟವನ್ನು ಗಿರಾಕಿಗೆ ಮೊದಲೇ ತಿಳಿಸುವ ಹೆಸರು. ತಾಜ್ ಬಳಗವು 2008ರಲ್ಲಿ ಗೇಟ್‌ವೇ, 2010ರಲ್ಲಿ ವಿವಾಂತ ಎಂಬ ಹೆಸರುಗಳನ್ನು ತಂದು, ತಾಜ್ ಎಂಬುದನ್ನು ಮೇಲ್ದರ್ಜೆಗೆ ಮೀಸಲಿಟ್ಟಿತು. ಕನ್ನೆಮರಾ ವಿವಾಂತವಾಯಿತು, ವೆಸ್ಟ್ ಎಂಡ್ ತಾಜ್ ಆಗಿಯೇ ಉಳಿಯಿತು. ಮಲ್ಲೇಶ್ವರದ ನೆರೆಯ ಯಶವಂತಪುರದಲ್ಲಿ ಎದ್ದ ಹೊಸ ಹೋಟೆಲೂ ವಿವಾಂತವೆಂದೇ ತೆರೆಯಿತು. ಆದರೆ 2017ರಲ್ಲಿ ಎಲ್ಲವನ್ನೂ ತಾಜ್ ಎಂಬ ಒಂದೇ ಹೆಸರಿನಡಿ ತರುವ ತೀರ್ಮಾನವಾಗಿ, ಯಶವಂತಪುರದ ಹೋಟೆಲೂ ಕನ್ನೆಮರಾವೂ ತಾಜ್ ಎನಿಸಿಕೊಂಡವು. ಆ ತೀರ್ಮಾನವೂ ಬಹುಕಾಲ ನಿಲ್ಲದೆ, ವಿವಾಂತ ಮತ್ತೆ ಬೇರೆಯಾಯಿತು. 2019ರಲ್ಲಿ, ತಮ್ಮದೇ ಚರಿತ್ರೆ ಅಥವಾ ವೈಶಿಷ್ಟ್ಯವುಳ್ಳ ಹೋಟೆಲುಗಳಿಗಾಗಿ ಸೆಲೆಕ್ಷನ್ಸ್ ಎಂಬ ಹೊಸ ವರ್ಗ ಹುಟ್ಟಿ, ಸವಾಯ್ ಅದರಡಿ ಬಂದಿತು.

ಯಶವಂತಪುರದ ಕಟ್ಟಡವು ಇದ್ದಲ್ಲಿಯೇ ಇದ್ದು ಹೆಸರು ಬದಲಿಸಿಕೊಂಡದ್ದರಿಂದ, ಅಂತಸ್ತೆಂಬುದು ಬಹುಮಟ್ಟಿಗೆ ಮಾರುಕಟ್ಟೆಯ ನಿರ್ಣಯವೆಂಬುದು ಸ್ಪಷ್ಟವಾಗುತ್ತದೆ. ಹಳಮೆಯೊಂದೇ ಅಳತೆಗೋಲಾಗಿದ್ದರೆ, 1829ರಷ್ಟು ಹಿಂದಿನ ಮೂಲವುಳ್ಳ ಸವಾಯ್ ವೆಸ್ಟ್ ಎಂಡ್‌ಗಿಂತ ಮೇಲಿರಬೇಕಿತ್ತು. ವೆಸ್ಟ್ ಎಂಡ್‌ನ ಸ್ಥಾನ ಅಲುಗಾಡದಿರುವುದಕ್ಕೆ ಅದರ ಸುಮಾರು 20 ಎಕರೆ ನೆಲ, ಹೆಮ್ಮರಗಳು, ವಿಧಾನಸೌಧದ ಸಾಮೀಪ್ಯ, ಜೊತೆಗೆ ರಾಜಧಾನಿಯ ವ್ಯಾಪಾರ ಇವೆಲ್ಲವೂ ಕಾರಣ. ಇವುಗಳಲ್ಲಿ ನೆಲ ಮತ್ತು ಮರಗಳೇ ಮುಖ್ಯವೆನ್ನಬೇಕು, ಏಕೆಂದರೆ ನಗರದ ನಡುವೆ ಅಷ್ಟು ಹಸಿರನ್ನು ಇಂದು ಯಾವ ಕಂಪನಿಯೂ ಹೊಸದಾಗಿ ಕೊಳ್ಳಲಾರದು. ಅಂತಸ್ತಿನ ಇನ್ನೊಂದು ತುದಿಯೂ ಇದೇ ಊರಿನದು: ಇದೇ ಬಳಗದ ಅಗ್ಗದ ದರ್ಜೆಯಾದ ಜಿಂಜರ್‌ನ ಮೊದಲ ಹೋಟೆಲೂ 2004ರಲ್ಲಿ, ಇಂಡಿಒನ್ ಎಂಬ ಹೆಸರಿನಲ್ಲಿ, ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿಯೇ ತೆರೆಯಿತು.